ಹೋಗುವಾಗ ಎಂಟು, ಬರುವಾಗ ಏಳು

ನನ್ನ ದೊಡ್ಡ ಮಗಳು ಲಂಡನ್ನಿನಲ್ಲಿ, ಚಿಕ್ಕವಳು ನ್ಯೂಯಾರ್ಕಿನಲ್ಲಿ. ಹೀಗಾಗಿ ಹೀಥ್ರೂ ವಿಮಾನ ನಿಲ್ದಾಣದಿಂದ ಕೆನಡಿ ವಿಮಾನ ನಿಲ್ದಾಣಕ್ಕೆ ಎಷ್ಟು ದೂರ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ: ಸುಮಾರು 5,540 ಕಿಲೋಮೀಟರು. ನನ್ನ ತವರು ಇಲ್ಲಿಂದ ಎಷ್ಟು ಕಿಲೋಮೀಟರೋ ಇಂದಿಗೂ ಗೊತ್ತಿಲ್ಲ. ಎರಡು ಬಸ್ಸು, ಒಂದು ಹೊತ್ತಿನ ಬುತ್ತಿ, ಅಷ್ಟೇ ಲೆಕ್ಕ.

ಭೂಪಟದಲ್ಲಿ ಈ ವಿಮಾನಗಳ ದಾರಿ ಬಿಲ್ಲಿನಂತೆ ಉತ್ತರಕ್ಕೆ ಬಾಗಿರುತ್ತದೆ. ನೇರವಾಗಿ ಹೋಗಬಾರದೆ, ಈ ಸುತ್ತು ಯಾಕೆ ಎಂದರೆ ನಮ್ಮವರು ನಕ್ಕು, ಮಕ್ಕಳು ಓದುವಾಗ ಕೊಂಡಿದ್ದ ಗ್ಲೋಬನ್ನು ಅಟ್ಟದಿಂದ ಇಳಿಸಿದರು. ಹೂ ಕಟ್ಟುವ ದಾರವನ್ನು ಲಂಡನ್ನಿನಿಂದ ನ್ಯೂಯಾರ್ಕಿಗೆ ಬಿಗಿಯಾಗಿ ಎಳೆದು ಹಿಡಿದೆ. ದಾರ ತಾನಾಗಿಯೇ ಉತ್ತರಕ್ಕೆ ಜರುಗಿ ನಿಂತಿತು. ಚಪ್ಪಟೆ ಕಾಗದದ ಮೇಲೆ ಸುತ್ತಾಗಿ ಕಂಡದ್ದೇ ದುಂಡು ಭೂಮಿಯ ಮೇಲೆ ಹತ್ತಿರದ ದಾರಿ.

ದೂರ ಒಂದೇ ಆದರೂ ಹೊತ್ತು ಒಂದೇ ಅಲ್ಲ ನೋಡಿ. ಲಂಡನ್ನಿನಿಂದ ಹೋಗುವಾಗ ಸುಮಾರು ಎಂಟು ಗಂಟೆ, ಬರುವಾಗ ಏಳು. ಹತ್ತು ಕಿಲೋಮೀಟರು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಗಾಳಿ ಬೀಸುತ್ತದೆ. ಅದರ ವೇಗ ಗಂಟೆಗೆ 200 ಕಿಲೋಮೀಟರು ಮೀರುವುದೂ ಉಂಟು. 2020ರ ಫೆಬ್ರವರಿಯಲ್ಲಿ ಒಂದು ವಿಮಾನ ಈ ಗಾಳಿಯ ಬೆನ್ನೇರಿ ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲೇ ಬಂದಿಳಿಯಿತು. ತವರಿಗೆ ಹೋಗುವ ದಾರಿ ಬೇಗ ಸವೆಯುತ್ತದೆ, ಮರಳುವ ದಾರಿ ಸವೆಯುವುದೇ ಇಲ್ಲ ಎಂದು ನಮ್ಮಮ್ಮ ಹೇಳುತ್ತಿದ್ದಳು. ಅಲ್ಲಿ ಯಾವ ಗಾಳಿಯಿತ್ತೋ!

ಗಡಿಯಾರದ ಆಟವೇ ಬೇರೆ. ನ್ಯೂಯಾರ್ಕು ಲಂಡನ್ನಿಗಿಂತ ಐದು ಗಂಟೆ ಹಿಂದೆ. ಹನ್ನೊಂದಕ್ಕೆ ಹತ್ತಿದವರು ಎಂಟು ಗಂಟೆ ಹಾರಿ ಮಧ್ಯಾಹ್ನ ಎರಡಕ್ಕೇ ಇಳಿಯುತ್ತಾರೆ. ಹಿಂದೆ ಕಾಂಕಾರ್ಡ್ ವಿಮಾನ ಸುಮಾರು ಮೂರೂವರೆ ಗಂಟೆಯಲ್ಲೇ ಸಾಗರ ದಾಟಿಸುತ್ತಿತ್ತು. ಗಡಿಯಾರ ನೋಡಿದರೆ ಹೊರಡುವ ಮೊದಲೇ ತಲುಪಿದಂತೆ! 2003ರಲ್ಲಿ ಅದರ ಹಾರಾಟ ನಿಂತಿತು.

ಇಷ್ಟೆಲ್ಲ ವೇಗವಿದ್ದೂ ನನ್ನ ಮಕ್ಕಳಿಬ್ಬರೂ ಒಬ್ಬರನ್ನೊಬ್ಬರು ನೋಡಿ ಎರಡು ವರ್ಷವಾಗಿತ್ತು. ಊರಿನ ಒಂದು ಸೈಟಿನ ವಿಷಯಕ್ಕೆ ಮಾತು ಬಿಟ್ಟಿದ್ದರು. ಅಷ್ಟರಲ್ಲಿ ಚಿಕ್ಕವಳಿಗೆ ದಿನ ತುಂಬುವ ಮೂರು ವಾರ ಮೊದಲೇ ಹೆರಿಗೆಯಾಯಿತು. ನನಗಿನ್ನೂ ವೀಸಾ ಬಂದಿರಲಿಲ್ಲ. ದೊಡ್ಡವಳಿಗೆ ಅವರಪ್ಪ ಫೋನಿನಲ್ಲಿ ಸುದ್ದಿಯಷ್ಟೇ ತಿಳಿಸಿದರು. ಹೋಗು ಎನ್ನಲಿಲ್ಲ.

ನಾಲ್ಕನೆಯ ದಿನ ಚಿಕ್ಕವಳ ಫೋನು ಬಂತು. "ಅಮ್ಮಾ, ಅಕ್ಕ ಬಂದಿದಾಳೆ. ಅಡಿಗೆಮನೇಲಿ ತುಪ್ಪದಲ್ಲಿ ಬೆಳ್ಳುಳ್ಳಿ ಹುರೀತಿದಾಳೆ."

ಏನು ಮಾತಾಡಿಕೊಂಡಿರಿ ಎಂದು ನಾನು ಕೇಳಲಿಲ್ಲ. "ಸೀಯದ ಹಾಗೆ ನೋಡಿಕೊಳ್ಳೋಕೆ ಹೇಳೇ," ಎಂದೆ.