ನೋಯದ ಗಾಯ

ನಮ್ಮ ತಂದೆಯವರ ಬಲಗಾಲಿಗೆ ಆದ ಗಾಯಕ್ಕೆ ನಾನೇ ಕಾರಣ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಬರೆಯುವುದು ಸ್ವಲ್ಪ ಸುಲಭವಾದೀತು.

ಚಿಂತಾಮಣಿಯಲ್ಲಿ ಸೋದರಮಾವನ ಮಗಳ ಮದುವೆ. ಸವೆದ ಚಪ್ಪಲಿ ಮೆಟ್ಟಿಕೊಂಡು ತಂದೆಯವರು ಬೀಗರೆದುರು ನಿಲ್ಲುವುದು ನನಗೆ ಸರಿತೋರಲಿಲ್ಲ. ಕಚೇರಿಯ ಕೆಲಸಕ್ಕೆಂದು ಬೆಂಗಳೂರಿಗೆ ಹೋದಾಗ ಗಟ್ಟಿ ಚರ್ಮದ ಹೊಸ ಜೋಡನ್ನು ಕೊಂಡುತಂದೆ. ಅವರು ಅದನ್ನು ಮೆಟ್ಟಿ ಪಡಸಾಲೆಯಲ್ಲಿ ನಾಲ್ಕು ಹೆಜ್ಜೆ ನಡೆದು, "ಕಚ್ಚುವುದೇ ಇಲ್ಲವಲ್ಲಪ್ಪ, ಒಳ್ಳೆಯ ಮಾಲು" ಎಂದರು. ನನಗೂ ಹೆಮ್ಮೆಯೆನಿಸಿತು. ಹದಿನೆಂಟು ವರ್ಷಗಳಿಂದ ಸಕ್ಕರೆ ಕಾಯಿಲೆಯಿರುವವರ ಕಾಲನ್ನು ಹೊಸ ಚಪ್ಪಲಿ ಕಚ್ಚದಿದ್ದರೆ ಗಾಬರಿಯಾಗಬೇಕೆಂಬ ತಿಳಿವಳಿಕೆ ಆಗ ನನಗೆ ಇರಲಿಲ್ಲ.

ಮದುವೆ ಮುಗಿಸಿ ಶಿಡ್ಲಘಟ್ಟಕ್ಕೆ ಹಿಂದಿರುಗಿದ ಮರುದಿನ ಎಂಟು ವರ್ಷದ ನನ್ನ ಮಗಳು, "ತಾತ, ನಡುಮನೆಯಲ್ಲೆಲ್ಲ ಕುಂಕುಮ ಚೆಲ್ಲಿದ್ದೀಯಲ್ಲ" ಎಂದು ಕೂಗಿದಳು. ಕುಂಕುಮವಲ್ಲ, ರಕ್ತ. ಅಂಗಾಲಿನಲ್ಲಿ, ಹೆಬ್ಬೆರಳಿನ ಬುಡದ ಬಳಿ, ರೂಪಾಯಿಯಗಲದ ಹುಣ್ಣು ಬಾಯಿ ತೆರೆದಿತ್ತು. "ನೋಯುವುದಿಲ್ಲ ಕಣೋ, ತಾನಾಗಿಯೇ ಮಾಯುತ್ತದೆ" ಎಂದು ತಂದೆಯವರು ಕಾಲನ್ನು ಪಂಚೆಯೊಳಕ್ಕೆ ಎಳೆದುಕೊಂಡರು.

ಆಮೇಲೆ ಎಲ್ಲ ಮನೆಗಳಲ್ಲಿಯೂ ನಡೆಯುವುದೇ ನಮ್ಮ ಮನೆಯಲ್ಲಿಯೂ ನಡೆಯಿತು. ಅರಿಸಿನವಾಯಿತು, ಕೊಬ್ಬರಿ ಎಣ್ಣೆಯಾಯಿತು, ಯಾವುದೋ ಸೊಪ್ಪಿನ ರಸವೂ ಆಯಿತು. ಗೌರಿಬಿದನೂರಿನಿಂದ ನೋಡಲು ಬಂದ ಸೋದರತ್ತೆ, "ಬಟ್ಟೆ ಬಿಚ್ಚು ಅಣ್ಣಯ್ಯ, ಗಾಳಿಯಾಡಿ ಒಣಗಲಿ" ಎಂದು ಅಪ್ಪಣೆ ಮಾಡಿದರು. ನಾವೆಲ್ಲರೂ ಬೆಳೆದದ್ದು ಇದೇ ನಂಬಿಕೆಯಲ್ಲಿ. ೧೯೬೨ರಲ್ಲಿ ಜಾರ್ಜ್ ವಿಂಟರ್ ಎಂಬ ಇಂಗ್ಲೆಂಡಿನ ವಿಜ್ಞಾನಿ ಹಂದಿಮರಿಗಳ ಮೈಮೇಲೆ ಚಿಕ್ಕ ಗಾಯಗಳನ್ನು ಮಾಡಿ, ಕೆಲವನ್ನು ಒಣಗಲು ಬಿಟ್ಟು, ಕೆಲವನ್ನು ಪಾಲಿಥೀನ್ ಹಾಳೆಯಿಂದ ಮುಚ್ಚಿ ನೋಡಿದ. ಮುಚ್ಚಿ ತೇವವಾಗಿಟ್ಟವು ಸುಮಾರು ಎರಡರಷ್ಟು ವೇಗದಲ್ಲಿ ಹೊಸ ಚರ್ಮವನ್ನು ಹೊದ್ದುಕೊಂಡವು. ಹಕ್ಕಳೆಯನ್ನು ನಾವು ಗುಣದ ಗುರುತೆಂದು ತಿಳಿಯುತ್ತೇವೆ. ಹೊಸ ಜೀವಕೋಶಗಳಿಗೆ ಅದು ಸುತ್ತಿಕೊಂಡು ಹೋಗಬೇಕಾದ ಅಡ್ಡಗೋಡೆ. ಆದರೆ ಇದನ್ನು ನನ್ನ ಸೋದರತ್ತೆಗೆ ಹೇಳುವ ಧೈರ್ಯ ನನಗೆ ಇಂದಿಗೂ ಇಲ್ಲ.

ಆರು ವಾರ ಕಳೆಯಿತು. ಹುಣ್ಣು ಅಷ್ಟೇ ಇತ್ತು, ವಾಸನೆ ಮಾತ್ರ ಹೊಸದಾಗಿ ಸೇರಿತು. ಕೊನೆಗೆ ತಂದೆಯವರನ್ನು ಬಲವಂತವಾಗಿ ಚಿಕ್ಕಬಳ್ಳಾಪುರದ ವೈದ್ಯರೊಬ್ಬರ ಬಳಿಗೆ ಕರೆದೊಯ್ದೆ.

ಇಲ್ಲಿ ತಂದೆಯವರ ಕಸುಬನ್ನು ಹೇಳಬೇಕು. ಅವರು ನಲವತ್ತು ವರ್ಷ ಶಿಡ್ಲಘಟ್ಟದಲ್ಲಿ ರೇಷ್ಮೆಯ ಫಿಲೇಚರ್ ನಡೆಸಿದವರು. ಮಾರುಕಟ್ಟೆಯಲ್ಲಿ ಗೂಡನ್ನು ಕಿವಿಯ ಬಳಿ ಅಲ್ಲಾಡಿಸಿಯೇ ಬೆಲೆ ಕೂಗುತ್ತಿದ್ದರು. ಬಿಸಿನೀರಿನ ಬೇಸಿನ್ನಿನಿಂದ ಎಂಟು ಹತ್ತು ಗೂಡುಗಳ ಎಳೆಗಳನ್ನು ಒಟ್ಟಿಗೆ ಎತ್ತಿ ಒಂದು ನೂಲು ಮಾಡುವಾಗ, ಒಂದೇ ಒಂದು ಎಳೆ ಕಡಿದರೂ ಕಣ್ಣಿಗೆ ಕಾಣುವ ಮೊದಲೇ ಅವರ ಬೆರಳಿಗೆ ತಿಳಿಯುತ್ತಿತ್ತು. ನೀರಿನಲ್ಲಿ ನೆಂದು ಬಿಳಿಚಿ ಸುಕ್ಕಾಗಿ ಸಿಪ್ಪೆಯೇಳುತ್ತಿದ್ದ ಬೆರಳುಗಳು. ಆದರೂ ನೂಲಿನ ದಪ್ಪವನ್ನು ಹೇಳುವುದರಲ್ಲಿ ಅವು ಎಂದೂ ತಪ್ಪಿದ್ದಿಲ್ಲ.

ವೈದ್ಯರು ಮೊದಲು ಪಾದದ ನಾಡಿಯನ್ನು ಹುಡುಕಿದರು. ರಕ್ತ ಹರಿಯುತ್ತಿತ್ತು; ಅದು ನಮ್ಮ ಪುಣ್ಯ. ಬಳಿಕ ಹಿಡಿಗೆ ಕಟ್ಟಿದ ನೈಲಾನಿನ ಗಿಡ್ಡ ಎಳೆಯೊಂದನ್ನು ತೆಗೆದರು. ಚರ್ಮಕ್ಕೆ ಒತ್ತಿದಾಗ ಹತ್ತು ಗ್ರಾಂ ಭಾರಕ್ಕೆ ಬಾಗುವ ಎಳೆ ಅದು. "ಯಜಮಾನರೇ, ಕಣ್ಣು ಮುಚ್ಚಿಕೊಳ್ಳಿ. ತಾಗಿದಾಗಲೆಲ್ಲ ಹೇಳಿ" ಎಂದರು. ಹೆಬ್ಬೆರಳಿಗೆ ಒತ್ತಿದರು, ಕಿರುಬೆರಳಿಗೆ ಒತ್ತಿದರು, ಅಂಗಾಲಿನ ನಾಲ್ಕಾರು ಕಡೆ ಒತ್ತಿದರು. ಎಳೆ ಬಾಗುವುದನ್ನು ನಾನು ನೋಡುತ್ತಿದ್ದೆ. ತಂದೆಯವರು ಶ್ರದ್ಧೆಯಿಂದ ಕಣ್ಣು ಮುಚ್ಚಿ ಕುಳಿತಿದ್ದು, ಸ್ವಲ್ಪ ಹೊತ್ತಿನ ಮೇಲೆ ಕೇಳಿದರು: "ಇನ್ನೂ ಪ್ರಾರಂಭಿಸಲಿಲ್ಲವೇ, ಡಾಕ್ಟರೇ?"

ನಾನು ಮುಖ ತಿರುಗಿಸಿಕೊಂಡೆ.

ವೈದ್ಯರು ಬಿಡಿಸಿ ಹೇಳಿದರು. ರಕ್ತದಲ್ಲಿ ಬಹುಕಾಲ ಮಿತಿಮೀರಿದ ಸಕ್ಕರೆ, ಮೊದಲು ಅತಿ ಉದ್ದದ ನರಗಳ ತುದಿಗಳನ್ನು ಕೆಡಿಸುತ್ತದೆ. ಅವು ಇರುವುದು ಪಾದದಲ್ಲಿ. ಕಾಲಿಗೆ ಕಲ್ಲು ಒತ್ತಿದರೆ ನಾವು ಅರಿಯದೆಯೇ ಕುಂಟಿ ಭಾರವನ್ನು ಬೇರೆಡೆಗೆ ಸರಿಸುತ್ತೇವೆ. ನೋವು ಗೊತ್ತಾಗದವನು ಕುಂಟುವುದಿಲ್ಲ. ಅವನು ಹುಣ್ಣಿನ ಮೇಲೆಯೇ ಹೆಜ್ಜೆಯಿಟ್ಟು ದಿನವೂ ಸಾವಿರ ಸಲ ಅದನ್ನು ಹೊಸದು ಮಾಡುತ್ತಾನೆ. ಸಾಧಾರಣ ಗಾಯದಲ್ಲಿ ರಕ್ತ ಹೆಪ್ಪುಗಟ್ಟಿ, ಉರಿಯೂತ ಬಂದು ಕಸವನ್ನು ತೆಗೆದು, ಕೆಲವು ದಿನಗಳಲ್ಲಿ ತಾನು ಹಿಂದೆ ಸರಿದು ಹೊಸ ಮಾಂಸಕ್ಕೆ ದಾರಿ ಬಿಡುತ್ತದೆ. ಮಾಯದ ಗಾಯದಲ್ಲಿ ಉರಿಯೂತ ಹೋಗುವುದೇ ಇಲ್ಲ. ಕಸವನ್ನು ಕಡಿಯಬೇಕಾದ ಪ್ರೋಟಿಯೇಸ್ ಎಂಬ ಕಿಣ್ವಗಳು, ಹೊಸದಾಗಿ ಕಟ್ಟಿದ್ದನ್ನೂ ಕಡಿದುಹಾಕುತ್ತವೆ. ಮಧುಮೇಹದಿಂದ ಕಾಲು ಕತ್ತರಿಸಿಕೊಂಡ ನೂರು ಮಂದಿಯಲ್ಲಿ ಸುಮಾರು ೮೫ ಮಂದಿಗೆ ಅದು ಮೊದಲಾದದ್ದು ಇಂಥದೊಂದು ಪಾದದ ಹುಣ್ಣಿನಿಂದಲೇ.

ಈ ಮಾತನ್ನು ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ಒಬ್ಬರು ನಮ್ಮ ನೆರೆಯ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ೧೯೪೬ರಲ್ಲಿ ಬಂದ ಶಸ್ತ್ರವೈದ್ಯ ಪಾಲ್ ಬ್ರಾಂಡ್. ಕುಷ್ಠರೋಗಿಗಳ ಕೈಕಾಲುಗಳು ರೋಗದಿಂದಲೇ ಕೊಳೆತು ಉದುರುತ್ತವೆಂದು ಜನ ನಂಬಿದ್ದ ಕಾಲ. ನೋವು ತಿಳಿಯದ್ದರಿಂದ ಆದ ಗಾಯಗಳವು, ಭಾರ ಇಳಿಸಿದರೆ ಮಾಯುತ್ತವೆ ಎಂದು ಅವರು ಕಂಡುಕೊಂಡರು. ಪಾದಕ್ಕೆ ಅಚ್ಚುಕಟ್ಟಾಗಿ ಹೊಂದುವ ಪ್ಲಾಸ್ಟರ್ ಕಟ್ಟಿ ಭಾರವನ್ನೆಲ್ಲ ಹಂಚುವ ಕ್ರಮ ಮುಂದೆ ಮಧುಮೇಹಿಗಳ ಪಾದಕ್ಕೂ ಬಂದಿತು.

ನಮ್ಮ ತಂದೆಯವರಿಗೂ ಅದೇ ಪ್ಲಾಸ್ಟರು. ಕೊಳೆತದ್ದನ್ನು ಹೆರೆದು, ಸೋಂಕು ಇಳಿದ ಮೇಲೆ ಕಟ್ಟಿದರು. ವಾರಕ್ಕೊಮ್ಮೆ ಬಿಚ್ಚಿ, ನೋಡಿ, ಮತ್ತೆ ಕಟ್ಟುವುದು. ಒಳಗೆ ಹುಣ್ಣಿನ ಮೇಲೆ ಒಂದು ತೆಳುಪಟ್ಟಿ. "ಇದು ನಿಮ್ಮ ಊರಿನ ಸರಕೇ, ಯಜಮಾನರೇ. ರೇಷ್ಮೆ" ಎಂದರು ವೈದ್ಯರು.

ತಂದೆಯವರು ಪಟ್ಟಿಯ ತುಣುಕನ್ನು ಬೆರಳುಗಳ ನಡುವೆ ಉಜ್ಜಿ, ಬೆಳಕಿಗೆ ಹಿಡಿದು, "ಇದರಲ್ಲಿ ಎಳೆ ಎಲ್ಲಿದೆ?" ಎಂದರು. ಅವರನ್ನು ನಂಬಿಸಲು ನಾನು ಒಂದು ಸಂಜೆಯನ್ನೇ ಕಳೆಯಬೇಕಾಯಿತು. ರೇಷ್ಮೆಯ ಒಂದೊಂದು ಎಳೆಯಲ್ಲಿಯೂ ಫೈಬ್ರಾಯಿನ್ ಎಂಬ ಪ್ರೋಟೀನಿನ ಎರಡು ತಂತುಗಳು; ಅವನ್ನು ಬೆಸೆದಿರುವ ಅಂಟು ಸೆರಿಸಿನ್, ತೂಕದಲ್ಲಿ ಹೆಚ್ಚು ಕಡಿಮೆ ಕಾಲುಭಾಗ. ಶಸ್ತ್ರವೈದ್ಯರು ರೇಷ್ಮೆಯ ದಾರದಿಂದ ಗಾಯ ಹೊಲಿಯುವುದು ಹಳೆಯ ವಿದ್ಯೆ. ಈಗಿನವರು ಅಂಟನ್ನು ತೆಗೆದ ಎಳೆಯನ್ನು ಲಿಥಿಯಂ ಬ್ರೋಮೈಡಿನ ಗಾಢ ದ್ರಾವಣದಲ್ಲಿ ಕರಗಿಸಿ, ಲವಣವನ್ನು ತೊಳೆದು, ಉಳಿದ ಫೈಬ್ರಾಯಿನನ್ನು ಹಾಳೆಯಾಗಿಯೋ ಸ್ಪಂಜಾಗಿಯೋ ಮಾಡುತ್ತಾರೆ. ಚರ್ಮದ ಜೀವಕೋಶಗಳು ಅದನ್ನು ಹಿಡಿದು ಹಬ್ಬುತ್ತವೆ. ಬೆಂಗಳೂರಿನ ಫೈಬ್ರೋಹೀಲ್ ಎಂಬ ಸಂಸ್ಥೆ ಇಂಥ ಪಟ್ಟಿಗಳನ್ನು ತಯಾರಿಸುತ್ತದೆ. ತೇವ ಹಿಡಿದಿಡುವ ಸೆರಿಸಿನ್ನಿನ ಮೇಲೂ ಸಂಶೋಧನೆ ನಡೆದಿದೆ ಎಂದಾಗ ತಂದೆಯವರು, "ಬೇಸಿನ್ನಿನ ಆ ನೀರನ್ನು ನಲವತ್ತು ವರ್ಷ ಚರಂಡಿಗೆ ಚೆಲ್ಲಿದೆನಲ್ಲೋ!" ಎಂದು ಹಣೆ ಚಚ್ಚಿಕೊಂಡರು.

ಶಿಡ್ಲಘಟ್ಟದ ಅಭಿಮಾನದಿಂದ ರೇಷ್ಮೆಯೇ ಅವರ ಕಾಲನ್ನು ಉಳಿಸಿತೆಂದು ಬರೆಯಲು ನನಗೆ ಆಸೆ. ವೈದ್ಯರು ಒಪ್ಪುವುದಿಲ್ಲ. ಪಟ್ಟಿ ನೆರವಾಯಿತು, ಆದರೆ ಮಾಯಿಸಿದ್ದು ಪ್ಲಾಸ್ಟರು, ಹತೋಟಿಗೆ ಬಂದ ಸಕ್ಕರೆ, ಮತ್ತು ಮೂಲೆ ಹಿಡಿದು ಕೂರಲು ಕೊನೆಗೂ ಒಪ್ಪಿದ ಮುದುಕರ ತಾಳ್ಮೆ ಎನ್ನುತ್ತಾರೆ.

ಹನ್ನೊಂದನೆಯ ವಾರ ಗಾಯ ಮುಚ್ಚಿತು. ಮಾಯ್ದ ಚರ್ಮಕ್ಕೆ ಮೊದಲಿನ ಶಕ್ತಿಯಲ್ಲಿ ಹೆಚ್ಚೆಂದರೆ ನೂರಕ್ಕೆ ೮೦ರಷ್ಟು ಬಂದೀತು, ಜೋಪಾನ ಎಂದರು ವೈದ್ಯರು. "ಗೊತ್ತು. ಕಡಿದ ಎಳೆಗೆ ಗಂಟು ಹಾಕಿದ ಹಾಗೆ" ಎಂದರು ತಂದೆಯವರು. ಹೊರಡುವ ಮೊದಲು ಆ ನೈಲಾನ್ ಎಳೆಯನ್ನು ಕೇಳಿ ಪಡೆದು, ಹೆಬ್ಬೆರಳು ತೋರುಬೆರಳುಗಳ ನಡುವೆ ಹೊರಳಿಸಿ, "ಬಹಳ ದಪ್ಪ ಡಾಕ್ಟರೇ. ನಮ್ಮೂರಿನಲ್ಲಿ ಇದನ್ನು ಯಾರೂ ಕೊಳ್ಳುವುದಿಲ್ಲ" ಎಂದು ಹಿಂದಿರುಗಿಸಿದರು.

ಈಗ ಅವರ ಕಾಲಿಗೆ ಮೆತ್ತನೆಯ ಎಂ.ಸಿ.ಆರ್. ರಬ್ಬರಿನ ಚಪ್ಪಲಿ, ಮನೆಯೊಳಗೂ ಅದನ್ನು ಬಿಡುವಂತಿಲ್ಲ. ನಾನು ತಂದ ಜೋಡು ಕಾಗದದಲ್ಲಿ ಸುತ್ತಿಕೊಂಡು ಅಟ್ಟದ ಮೇಲಿದೆ. ರಾತ್ರಿ ಊಟವಾದ ಮೇಲೆ ಮಗಳು ಟಾರ್ಚು ಹಿಡಿದು ತಾತನ ಎರಡೂ ಪಾದಗಳನ್ನು ಬೆರಳುಸಂದಿ ಬಿಡದೆ ನೋಡುತ್ತಾಳೆ. ನೋಡಿದ ಮೇಲೆ ಅಡಿಗೆಮನೆಗೆ ಕೇಳುವಂತೆ ಕೂಗುತ್ತಾಳೆ: "ಕುಂಕುಮ ಇಲ್ಲ!"