ದೂರದೂರಿನ ಕಾರು

ನೀರಿನಲ್ಲಿರುವ ಎಮ್ಮೆಗೆ ಬೆಲೆ ಕಟ್ಟಬಾರದೆಂದು ಹಿರಿಯರು ಹೇಳುತ್ತಾರೆ. ಎಮ್ಮೆಯಾದರೂ ಸಂಜೆಯ ಹೊತ್ತಿಗೆ ಕೆರೆಯಿಂದ ಮೇಲೇಳುತ್ತದೆ. ಸಾವಿರದೈನೂರು ಕಿಲೋಮೀಟರಿಗೂ ಆಚೆ, ದಿಲ್ಲಿಯ ಗಲ್ಲಿಯೊಂದರಲ್ಲಿ ನಿಂತಿರುವ, ಅಂಗೈಯಗಲದ ಪರದೆಯ ಮೇಲಷ್ಟೇ ಕಂಡಿರುವ ಕಾರಿಗೆ ಬೆಲೆ ಕಟ್ಟುವವನನ್ನು ಏನೆನ್ನಬೇಕು? ನಮ್ಮ ಆಡಕಿಯ ಕಟ್ಟೆಯ ಮೇಲೆ ಕುಳಿತವರು ಏನೆಂದರೆಂಬುದನ್ನು ಇಲ್ಲಿ ಬರೆಯುವುದು ಶಿಷ್ಟಾಚಾರವಾಗಲಾರದು.

ಕಾರು ನನಗೆ ಭೂಷಣಕ್ಕಾಗಿ ಬೇಕಾಗಿರಲಿಲ್ಲ. ನನ್ನ ತಾಯಿಯನ್ನು ತಿಂಗಳಿಗೆ ಎರಡು ಬಾರಿ ಚಿಕಿತ್ಸೆಗೆಂದು ಕಲಬುರ್ಗಿಗೆ ಕರೆದೊಯ್ಯಬೇಕಾಗಿತ್ತು. ಸೇಡಂನಲ್ಲಿ ಬಸ್ಸು ಬದಲಿಸಬೇಕು, ನಿಂತು ಕಾಯಬೇಕು. ಹಾಸುಗಲ್ಲಿನ ನಮ್ಮ ಸೀಮೆಯ ವೈಶಾಖದ ಬಿಸಿಲನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. “ಈ ಸರ್ತಿ ಬ್ಯಾಡಪ್ಪಾ, ಮುಂದಿನ ಸರ್ತಿ ಹೋಗೋಣು” ಎಂದು ಆಕೆ ಎರಡನೆಯ ಬಾರಿ ಹೇಳಿದಾಗ, ಬೇನೆಗಿಂತ ಬಸ್ಸಿಗೇ ಆಕೆ ಅಂಜುತ್ತಿದ್ದಾಳೆಂದು ನನಗೆ ತಿಳಿಯಿತು. ಹೊಸ ಕಾರು ಅಧ್ಯಾಪಕನ ಸಂಬಳಕ್ಕೆ ನಿಲುಕದು. ಎರಡು ವರ್ಷದ ಉಳಿತಾಯಕ್ಕೆ ಒಪ್ಪುವಂಥದು ದಿಲ್ಲಿಯಲ್ಲಿ ಮಾತ್ರ ಕಂಡಿತು.

ದಿಲ್ಲಿಯಲ್ಲಿ ಅಗ್ಗವೇಕೆಂದರೆ ಅದಕ್ಕೆ ಕಾರಣವುಂಟು. ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳೂ ಹದಿನೈದು ವರ್ಷ ಮೀರಿದ ಪೆಟ್ರೋಲ್ ವಾಹನಗಳೂ ರಾಜಧಾನಿ ಪ್ರದೇಶದಲ್ಲಿ ಓಡಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಆಜ್ಞಾಪಿಸಿತು. ನಾನು ವ್ಯವಹಾರಕ್ಕಿಳಿದ 2022ರಲ್ಲಿ, 2009ರ ಪೆಟ್ರೋಲ್ ಕಾರಿಗೆ ಅಲ್ಲಿ ಎರಡೇ ವರ್ಷದ ಆಯುಷ್ಯ. ನಮ್ಮಲ್ಲಿ ಹಾಗಲ್ಲ, ಹದಿನೈದು ತುಂಬಿದ ಮೇಲೆ ಯೋಗ್ಯತೆಯ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಮತ್ತೈದು ವರ್ಷಕ್ಕೆ ನೋಂದಣಿ ನವೀಕರಣವಾಗುತ್ತದೆ. ಅಲ್ಲಿ ಮುದುಕನೆನಿಸಿದವನು ಇಲ್ಲಿ ನಡುವಯಸ್ಕ!

ಮೊದಲು ಸಿಕ್ಕಿದ ಮಾರಾಟಗಾರನು ತಾನು ಸೈನಿಕನೆಂದೂ, ಗಡಿಗೆ ವರ್ಗವಾದದ್ದರಿಂದ ಮಾರುತ್ತಿರುವುದಾಗಿಯೂ ತಿಳಿಸಿ, ಸಮವಸ್ತ್ರದ ಭಾವಚಿತ್ರವನ್ನು ಕಳುಹಿಸಿದನು. ಬೆಲೆ ನಂಬಲಾಗದಷ್ಟು ಕಡಿಮೆ. ಸಾಗಣೆಯ ಹಣವನ್ನು ಮುಂಗಡವಾಗಿ ಕಳುಹಿಸಿದರೆ ಸಾಕು, ಕಾರು ಮನೆಬಾಗಿಲಿಗೇ ಬರುವುದಂತೆ. ಸೈನ್ಯದ ಹೆಸರಿನಲ್ಲಿ ನಡೆಯುವ ಈ ಬಗೆಯ ವಂಚನೆಯನ್ನು ಪತ್ರಿಕೆಗಳಲ್ಲಿ ಓದಿದ್ದೆನಾಗಿ, “ನಮ್ಮವನೊಬ್ಬ ಬಂದು ಕಾರನ್ನು ನೋಡಲಿ” ಎಂದೆ. ಆ ವೀರನು ಅಂದೇ ರಣರಂಗದಿಂದ ಕಣ್ಮರೆಯಾದನು.

ಎರಡನೆಯವರು ನಿವೃತ್ತ ಶಾಲಾ ಉಪಾಧ್ಯಾಯರು. ಅವರಿಂದ ಬಂದುದು ಹೊಗಳಿಕೆಯಲ್ಲ, ದೋಷಗಳ ಪಟ್ಟಿ: ಎಡಬದಿಯ ಬಾಗಿಲಿಗೆ ಗೀರು, ಚಳಿಯ ಬೆಳಗಿನಲ್ಲಿ ಎರಡನೆಯ ಗೇರು ಬಿಗಿ, ಹಿಂದಿನ ಕಿಟಕಿಯ ಗಾಜು ಅರ್ಧಕ್ಕೆ ನಿಲ್ಲುತ್ತದೆ. ಜೊತೆಗೆ, ಕಾರು ಕೊಂಡ ದಿನದಿಂದ ಹಾಕಿಸಿದ ಎಣ್ಣೆ, ಬದಲಿಸಿದ ಟಯರು, ಹೋಗಿಬಂದ ಊರು, ಎಲ್ಲವನ್ನೂ ಹಿಂದಿಯಲ್ಲಿ ಬರೆದಿಟ್ಟ ನೋಟುಪುಸ್ತಕದ ಪುಟಗಳ ಚಿತ್ರಗಳು. ದಿಲ್ಲಿಯಲ್ಲಿ ಕೆಲಸದಲ್ಲಿದ್ದ ನನ್ನ ಹಳೆಯ ವಿದ್ಯಾರ್ಥಿ ಒಬ್ಬ ಮೆಕ್ಯಾನಿಕ್‌ನನ್ನು ಕರೆದುಕೊಂಡು ಹೋಗಿ ನೋಡಿಬಂದು, “ಸರ್, ಅವರು ಹೇಳಿದ್ದಕ್ಕಿಂತ ಹೆಚ್ಚಿನ ದೋಷ ಒಂದೂ ಸಿಗಲಿಲ್ಲ” ಎಂದನು.

ಆದರೂ ಸಜ್ಜನಿಕೆ ಬೇರೆ, ಸಾಕ್ಷ್ಯ ಬೇರೆ. ರಾಷ್ಟ್ರಕೂಟರ ಮಳಖೇಡ ನಮಗೆ ನೆರೆಯೂರು. ಭೂಮಿಯನ್ನು ದಾನವಿತ್ತ ನಮ್ಮ ಪೂರ್ವಿಕರು ನಾಲ್ದೆಸೆಯ ಎಲ್ಲೆಗಳನ್ನೂ ಸಾಕ್ಷಿಗಳನ್ನೂ ಕಲ್ಲಿನಲ್ಲಿ ಕೆತ್ತಿಸಿ, ಅಳುಪಿದವನಿಗೆ ಶಾಪವನ್ನೂ ಹಾಕುತ್ತಿದ್ದರು. ಇಂದಿನ ಶಾಸನ ಕಾಗದದ್ದು. ಎಲ್ಲೆಗಳ ಬದಲು ಚಾಸಿಸ್ ಸಂಖ್ಯೆ, ಎಂಜಿನ್ ಸಂಖ್ಯೆ. ವಾಹನದ ಮೇಲೆ ಕೆತ್ತಿದ ಅಂಕಿಗಳು ನೋಂದಣಿ ಪತ್ರದ ಅಂಕಿಗಳಿಗೆ ಹೊಂದಬೇಕು. ಬ್ಯಾಂಕಿನ ಸಾಲ ತೀರಿರಬೇಕು. ಪರರಾಜ್ಯಕ್ಕೆ ಹೋಗಲು 28ನೆಯ ನಮೂನೆಯಲ್ಲಿ ನಿರಾಕ್ಷೇಪಣಾ ಪತ್ರ, ಒಡೆತನದ ವರ್ಗಾವಣೆಗೆ 29 ಮತ್ತು 30ನೆಯ ನಮೂನೆಗಳು. 1988ರ ಮೋಟಾರು ವಾಹನ ಕಾಯಿದೆಯಂತೆ, ಹೊರರಾಜ್ಯಕ್ಕೆ ಮಾರಿದವನು 45 ದಿನಗಳೊಳಗೆ, ಕೊಂಡವನು 30 ದಿನಗಳೊಳಗೆ ಅಧಿಕಾರಿಗೆ ವರದಿ ಮಾಡಬೇಕು. ನೋಂದಣಿ ಪತ್ರದಲ್ಲಿದ್ದ ಹೆಸರಿನ ಬ್ಯಾಂಕು ಖಾತೆಗೇ ಅರ್ಧ ಹಣವನ್ನು ಕಳುಹಿಸಿದೆ. ಉಳಿದರ್ಧವನ್ನು ನಿರಾಕ್ಷೇಪಣಾ ಪತ್ರವೂ ಬೀಗದ ಕೈಯೂ ವಿದ್ಯಾರ್ಥಿಯ ಕೈಸೇರಿದ ಮೇಲೆ. ಉಪಾಧ್ಯಾಯರು ನೊಂದುಕೊಳ್ಳಲಿಲ್ಲ. “ನಾನಾದರೂ ಹೀಗೆಯೇ ಮಾಡುತ್ತಿದ್ದೆ” ಎಂದರು.

ಇನ್ನು ಸಾಗಣೆ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲುದಾರಿ ತೆರೆದಂದಿನಿಂದ ದೂರದ ಸರಕೆಂದರೆ ನಮಗೆ ವಾಡಿ ಜಂಕ್ಷನ್ನೇ ನೆನಪಾಗುವುದು. ಆದರೆ ಒಂಟಿ ಕಾರಿಗೆ ಒಗ್ಗಿದ್ದು ಹತ್ತಾರು ಕಾರುಗಳನ್ನು ಹೊತ್ತು ಹೈದರಾಬಾದಿಗೆ ಬರುವ ಟ್ರೇಲರ್ ಲಾರಿ. ಹತ್ತಿಸುವ ಮುನ್ನ ನಾಲ್ಕೂ ಕಡೆಯ ಚಿತ್ರಗಳನ್ನು ತೆಗೆಸಿ, ಓಡಿದ ಕಿಲೋಮೀಟರಿನ ಅಂಕಿಯನ್ನು ರಸೀತಿಯಲ್ಲಿ ಬರೆಸಿ, ದಾರಿಯ ವಿಮೆಯನ್ನು ಬೇರೆಯಾಗಿ ಮಾಡಿಸಿದೆವು. ಪೆಟ್ರೋಲು ತಳದಲ್ಲಷ್ಟೇ ಇರಲೆಂದೂ ಒಳಗೆ ಸಾಮಾನು ಇಡಬಾರದೆಂದೂ ಹೇಳಿದ್ದರು. ಆ ದಿನಗಳಲ್ಲಿ ಪಾಠ ಹೇಳುತ್ತಿದ್ದರೂ ನನ್ನ ಚಿತ್ತವು ನಾಗಪುರದ ಹೆದ್ದಾರಿಯಲ್ಲಿರುತ್ತಿತ್ತು. ಕಡೆಗೆ ಹೈದರಾಬಾದಿನಲ್ಲಿ ಕಾರು ಇಳಿಯಿತು. ಮೊದಲು ನೋಡಿದ್ದು ಕಿಲೋಮೀಟರಿನ ಅಂಕಿ, ಆಮೇಲೆ ಎಡಬಾಗಿಲಿನ ಗೀರು. ಎರಡೂ ಮಾತಿಗೆ ತಪ್ಪಿರಲಿಲ್ಲ.

ತಾಂಡೂರಿನ ಮಾರ್ಗವಾಗಿ ಊರಿಗೆ ಓಡಿಸಿಕೊಂಡು ಬಂದೆ. 1956ರ ರಾಜ್ಯ ಪುನರ್ವಿಂಗಡಣೆಗೆ ಮುನ್ನ ತಾಂಡೂರು, ಕೊಡಂಗಲ್ಲುಗಳು ಕಲಬುರ್ಗಿ ಜಿಲ್ಲೆಯವೇ. ಅದೇ ಹಾಸುಗಲ್ಲು, ಅದೇ ತೊಗರಿಯ ಹೊಲ. ನೆಲಕ್ಕೆ ಎಲ್ಲೆ ಕಾಣದು. ವಾಹನದ ಫಲಕಕ್ಕೆ ಮಾತ್ರ ಕಾಣುತ್ತದೆ. ಆಮೇಲೆ ನಮ್ಮ ರಾಜ್ಯದ ತೆರಿಗೆಯನ್ನು ಕಟ್ಟಿ, ದಿಲ್ಲಿಯ ಸಂಖ್ಯೆಯನ್ನು ಕಳಚಿ, ಕಲಬುರ್ಗಿಯ ಕೆಎ-32ನ್ನು ತೊಡಿಸಿದ್ದಾಯಿತು.

ಅಂದು ಉಪಾಧ್ಯಾಯರಿಗೆ ದೂರವಾಣಿ ಮಾಡಿ ಹೊಸ ಸಂಖ್ಯೆಯನ್ನು ತಿಳಿಸಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬಳಿಕ, “ನಿಮ್ಮ ತಾಯಿಯವರು ಹಿಂದಿನ ಸೀಟಿನಲ್ಲಿ ಕುಳಿತುಕೊಳ್ಳುತ್ತಾರೋ, ಮುಂದಿನದರಲ್ಲೋ?” ಎಂದು ಕೇಳಿದರು. ಮುಂದಿನದರಲ್ಲಿ ಎಂದೆ. “ಒಳ್ಳೆಯದು. ನನ್ನ ಮನೆಯಾಕೆಯೂ ಅಲ್ಲಿಯೇ ಕೂರುತ್ತಿದ್ದಳು” ಎಂದರು. ಆಕೆ ಈಗಿಲ್ಲವೆಂಬುದು ಆ ಕ್ರಿಯಾಪದದಿಂದಲೇ ನನಗೆ ತಿಳಿಯಿತು.

ದೂರದವನಿಂದ ಕೊಳ್ಳುವಾಗ ಕಾಗದಗಳನ್ನು ಬಿಗಿಯಾಗಿ ನೋಡಬೇಕು. ಅದರಲ್ಲಿ ದಾಕ್ಷಿಣ್ಯ ಸಲ್ಲದು. ಕಾಗದ ಬಿಗಿಯಾಗಿದ್ದರೆ ಮನಸ್ಸು ಸಡಿಲವಾಗಬಹುದು. ಅವರ ನೋಟುಪುಸ್ತಕವೂ ಕಾರಿನೊಡನೆಯೇ ಬಂದಿತ್ತು. ಹಿಂದಿಯ ಕೊನೆಯ ಸಾಲಿನ ಕೆಳಗೆ ಕನ್ನಡದಲ್ಲಿ ನಾನು ಬರೆದ ಮೊದಲ ಸಾಲು ಇಷ್ಟೇ: ಆಡಕಿಯಿಂದ ಕಲಬುರ್ಗಿ, ತಾಯಿಯೊಡನೆ.