ಮೂರು ಬಡಿತದೊಳಗೆ

ರಾತ್ರಿ ಎರಡು ದಾಟಿದೆ. ಐಸಿಯುವಿನಲ್ಲಿ ಹಾಸಿಗೆಯ ಪಕ್ಕ, ಹೃದಯದ ಚಿತ್ರ ತೋರಿಸುವ ಎಕೋ ಯಂತ್ರಕ್ಕೆ ಆತುಕೊಂಡು ನಿಂತಿದ್ದೀರಿ. ಮಲಗಿರುವಾಕೆಗೆ ನಲವತ್ತರ ಆಸುಪಾಸು, ನ್ಯುಮೋನಿಯಾ. ವೆಂಟಿಲೇಟರ್ ಶೇ. 100 ಆಮ್ಲಜನಕ ಕೊಡುತ್ತಿದ್ದರೂ ರಕ್ತದ ಆಮ್ಲಜನಕ ಮಟ್ಟ, ಸ್ಯಾಚುರೇಶನ್, 84ರ ಮೇಲೆ ಏರುತ್ತಿಲ್ಲ. ಎಕ್ಸ್-ರೇ ನೋಡಿದರೆ ಶ್ವಾಸಕೋಶ ಅಷ್ಟೊಂದು ಕೆಟ್ಟಂತೆ ಕಾಣುವುದಿಲ್ಲ.

"ಪೀಪ್ ಇನ್ನೊಂದೆರಡು ಜಾಸ್ತಿ ಮಾಡ್ಲಾ ಮೇಡಂ?"

ಉಸಿರು ಬಿಟ್ಟ ಮೇಲೂ ಶ್ವಾಸಕೋಶ ಕುಸಿಯದಂತೆ ಯಂತ್ರ ಉಳಿಸಿಕೊಳ್ಳುವ ಒತ್ತಡ ಅದು. ಸಂಜೆಯಿಂದ ಏರಿಸಿದಾಗಲೆಲ್ಲ ಸ್ಯಾಚುರೇಶನ್ ಇಳಿದಿದೆ.

"ತಡಿಯಪ್ಪಾ, ಹಾರ್ಟ್ ನೋಡ್ಬಿಡೋಣ."

ಗಾಳಿ ತುಂಬಿದ ಎದೆಯ ಮೇಲಿಂದ ಚಿತ್ರ ಮಸುಕು. ಮೇಡಂ ಪ್ರೋಬನ್ನು ಎದೆಗೂಡಿನ ಕೆಳಗೆ, ಹೊಟ್ಟೆಯ ಮೇಲ್ತುದಿಗೆ ಒತ್ತುತ್ತಾರೆ. ತೆರೆಯ ಮೇಲೆ ನಾಲ್ಕು ಕೋಣೆಗಳು. ಬಲಗಡೆಯವು ಊದಿವೆ, ಮೇಲಿನ ಎರಡು ಕೋಣೆಗಳ ನಡುವಿನ ತೆಳುಗೋಡೆ ಎಡಕ್ಕೆ ಉಬ್ಬಿದೆ. ಆ ಗೋಡೆಯಲ್ಲಿ ತೂತು ಇದೆಯೇ ಎಂಬುದು ಮಾತ್ರ ಕಾಣಿಸದು.

"ಸಿಸ್ಟರ್, ಬಬಲ್ ರೆಡಿ ಮಾಡಿ."

ತ್ರೀ-ವೇ ಕೊಳವೆಗೆ ಎರಡು ಸಿರಿಂಜ್, 9 ಮಿ.ಲೀ. ಸಲೈನ್, 1 ಮಿ.ಲೀ. ಗಾಳಿ. ಅತ್ತಿಂದಿತ್ತ ಜೋರಾಗಿ ತಳ್ಳಿ ತಳ್ಳಿ, ಮಜ್ಜಿಗೆ ಕಡೆದ ಹಾಗೆ ನೊರೆ ಬರಿಸಿ, ಸಿಸ್ಟರ್ ಅದನ್ನು ತೋಳಿನ ರಕ್ತನಾಳಕ್ಕೆ ಬಿಡುತ್ತಾರೆ. ಬಲಕೋಣೆ ಫಕ್ಕನೆ ಬೆಳ್ಳಗಾಗುತ್ತದೆ. ಎಣಿಸಿ: ಒಂದು, ಎರಡು... ಎಡಕೋಣೆಯಲ್ಲೂ ಬಿಳಿ ಚುಕ್ಕಿಗಳು!

ಈ ಗುಳ್ಳೆಗಳು ಶ್ವಾಸಕೋಶದ ಸೂಕ್ಷ್ಮ ನಾಳಗಳಲ್ಲೇ ಸೋಸಿಹೋಗಬೇಕಿತ್ತು. ಮೂರು ಬಡಿತದೊಳಗೆ ಎಡಕ್ಕೆ ಬಂದರೆ ದಾರಿ ಹೃದಯದಲ್ಲೇ ಇದೆ. ನಾಲ್ಕೈದು ಬಡಿತ ಕಳೆದು ಬಂದರೆ ಶ್ವಾಸಕೋಶದ ನಾಳಗಳನ್ನು ಶಂಕಿಸಬೇಕು. ಗರ್ಭದಲ್ಲಿರುವಾಗ ಮೇಲಿನ ಕೋಣೆಗಳ ನಡುಗೋಡೆಯ ಈ ಕಿಂಡಿ, ಫೊರಾಮೆನ್ ಓವೇಲ್, ಎಲ್ಲರಿಗೂ ಇರುತ್ತದೆ. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಅದು ಪೂರ್ತಿ ಬೆಸೆದುಕೊಳ್ಳುವುದೇ ಇಲ್ಲ, ಹೆಚ್ಚಿನವರಿಗೆ ಬದುಕಿಡೀ ಗೊತ್ತೂ ಆಗುವುದಿಲ್ಲ. ಈಕೆಯಲ್ಲಿ ಅದನ್ನು ತೆರೆಸಿದ್ದು ಕಾಯಿಲೆ ಮಾತ್ರವಲ್ಲ, ನಾವು ಕೊಟ್ಟ ಒತ್ತಡವೂ ಹೌದು: ಬಲಗಡೆ ಒತ್ತಡ ಹೆಚ್ಚಿ, ಆಮ್ಲಜನಕ ಸಿಗದ ರಕ್ತ ಶ್ವಾಸಕೋಶಕ್ಕೆ ಹೋಗದೆ ನೇರ ಎಡಕ್ಕೆ ನುಗ್ಗುತ್ತಿದೆ. ಎಕೋ ಯಂತ್ರ ಮೂಲೆಯಲ್ಲೇ ಇತ್ತು, ಸಂಜೆಯೇ ನೋಡಬಹುದಿತ್ತು.

ಪೀಪ್ ಮೆಲ್ಲಗೆ ಇಳಿಯುತ್ತದೆ. 86. ಸ್ವಲ್ಪ ಹೊತ್ತಿಗೆ 90.

"ಇನ್ಮೇಲೆ ಡ್ರಿಪ್ ಲೈನಲ್ಲಿ ಒಂದು ಗುಳ್ಳೆನೂ ಹೋಗ್ಬಾರ್ದು ಸಿಸ್ಟರ್." ಗಾಳಿಯಾಗಲಿ, ಹೆಪ್ಪುಗಟ್ಟಿದ ರಕ್ತವಾಗಲಿ ಈ ದಾರಿಯಲ್ಲಿ ಮೆದುಳಿಗೆ ಹೋದರೆ ಪಾರ್ಶ್ವವಾಯು.

ಬೆಳಿಗ್ಗೆ ಅನ್ನನಾಳದೊಳಗಿಂದ ಎಕೋ ಮಾಡಿ ಕಿಂಡಿಯನ್ನು ಸರಿಯಾಗಿ ನೋಡುತ್ತಾರೆ. ಮುಚ್ಚಬೇಕೋ ಬೇಡವೋ ಎಂಬುದು ನ್ಯುಮೋನಿಯಾ ವಾಸಿಯಾದ ಮೇಲಿನ ಮಾತು.